ಆಟ ಶುರುವಾಗುವ ಮುಂಚಿನ ಹೊತ್ತು

ಈಗ ನಾನು ಆಡುವ ಗೇಮ್‌ನಲ್ಲಿ ಒಂದು ಬಟನ್ ಒತ್ತಿದರೆ ಅರ್ಧ ನಿಮಿಷದಲ್ಲಿ ತಂಡ ಸಿಗುತ್ತದೆ. ನನ್ನ ಜೊತೆ ನಾಲ್ಕು ಜನ, ಎದುರಿಗೆ ಐದು ಜನ. ಅರ್ಧ ಗಂಟೆ ಜೀವ ಕೈಯಲ್ಲಿ ಹಿಡಿದು ಆಡುತ್ತೇವೆ. ಒಬ್ಬರನ್ನೊಬ್ಬರು ಕಾಪಾಡುತ್ತೇವೆ, ಒಬ್ಬರ ಮೇಲೊಬ್ಬರು ರೇಗುತ್ತೇವೆ. ಕೊನೆಗೆ ಯಾರೋ ಒಬ್ಬರು ‘ಜಿಜಿ’ (ಗುಡ್ ಗೇಮ್) ಅಂತ ಟೈಪ್ ಮಾಡುತ್ತಾರೆ, ಎಲ್ಲರೂ ಮಾಯ. ಮೊನ್ನೆ ಒಂದು ಮ್ಯಾಚ್ ಮುಗಿದ ಮೇಲೆ ಸುಮ್ನೆ ಯೋಚಿಸಿದೆ. ಈ ವರ್ಷ ಎಷ್ಟೊಂದು ಜನರ ಜೊತೆ ಆಡಿದ್ದೇನೆ, ಅವರಲ್ಲಿ ಯಾರ ಹೆಸರು ನೆನಪಿದೆ? ಒಂದೂ ಇಲ್ಲ. ಬೈದವರ ಹೆಸರೂ ನೆನಪಿಲ್ಲ, ಅದಿನ್ನೂ ವಿಚಿತ್ರ. ಬೈಸಿಕೊಂಡದ್ದನ್ನು ಅಷ್ಟು ಸುಲಭಕ್ಕೆ ಮರೆಯುವ ಆಸಾಮಿ ಅಲ್ಲ ನಾನು.

ಆದರೆ ಎಷ್ಟೋ ವರ್ಷದ ಹಿಂದೆ ಇದ್ದ ಒಂದು ಗಿಲ್ಡ್‌ನ, ಅಂದರೆ ಸದಾ ಒಟ್ಟಿಗೆ ಆಡುವ ಗುಂಪಿನ, ಜನರ ಬಗ್ಗೆ ಕೇಳಿ, ಈಗಲೂ ಒಬ್ಬೊಬ್ಬರ ಹೆಸರೂ ಹೇಳುತ್ತೇನೆ. ಅವರ ಮುಖ ನೋಡಿದವನಲ್ಲ. ಯಾರಿಗೆ ಎಷ್ಟು ಹೊತ್ತಿಗೆ ನಿದ್ದೆ ಬರುತ್ತೆ, ಯಾರ ಮೈಕ್‌ನಲ್ಲಿ ಸದಾ ಫ್ಯಾನಿನ ಸದ್ದು ಕೇಳುತ್ತೆ, ಸತ್ತ ಕೂಡಲೇ ‘ಲ್ಯಾಗ್, ಲ್ಯಾಗ್’ ಅಂತ ಇಂಟರ್ನೆಟ್ ಮೇಲೆ ಯಾರು ತಪ್ಪು ಹೊರಿಸುತ್ತಾರೆ, ಎಲ್ಲ ಗೊತ್ತು. ವಯಸ್ಸಾಯ್ತು, ಹಳೆಯದೆಲ್ಲ ಚಂದ ಕಾಣ್ತಿದೆ ಅಂತ ನೀವು ಹೇಳಬಹುದು. ಸ್ವಲ್ಪ ಅದೂ ಇರಬಹುದು. ಆದರೆ ಅದಷ್ಟೇ ಅಲ್ಲ ಅನ್ನಿಸುತ್ತದೆ. ಆಗಿನ ಗೇಮ್‌ಗಳಲ್ಲಿ ಏನೂ ಮಾಡಲಿಕ್ಕಿಲ್ಲದ ಹೊತ್ತು ತುಂಬ ಇರುತ್ತಿತ್ತು. ನಮ್ಮ ಪರಿಚಯಗಳೆಲ್ಲ ಆದದ್ದು ಆ ಹೊತ್ತಿನಲ್ಲಿ. ಬಾಸ್ ಅನ್ನುವ ದೊಡ್ಡ ರಾಕ್ಷಸನನ್ನು ಹೊಡೆಯುವಾಗ ಯಾರಿಗೆ ಮಾತಾಡಲು ಪುರುಸೊತ್ತು ಇರುತ್ತೆ ಹೇಳಿ?

ಪುಸ್ತಕ ತೆರೆದು ಕೂತವರು

1999ರಲ್ಲಿ ಬಂದ ಎವರ್‌ಕ್ವೆಸ್ಟ್ ಆಡಿದವರು ಒಂದು ವಿಷಯವನ್ನು ಇವತ್ತಿಗೂ ನಗುತ್ತಾ ಹೇಳುತ್ತಾರೆ. ಮಂತ್ರ ಹಾಕುವ ಪಾತ್ರಗಳಿಗೆ ‘ಮಾನ’, ಅಂದರೆ ಮಂತ್ರಶಕ್ತಿ, ಖಾಲಿಯಾದರೆ ನೆಲದ ಮೇಲೆ ಕೂರಬೇಕು. ಕೂತು ಮಂತ್ರದ ಪುಸ್ತಕ ತೆರೆಯಬೇಕು. ಮೊದಮೊದಲು ಆ ಪುಸ್ತಕ ತೆರೆದರೆ ಸುತ್ತಲಿನ ಲೋಕವೇ ಮುಚ್ಚಿಹೋಗುತ್ತಿತ್ತು. ಹಿಂದಿನಿಂದ ಯಾವ ರಾಕ್ಷಸ ಬಂದರೂ ಕಾಣುವುದಿಲ್ಲ. ಕಾಣುವುದು ಚಾಟ್ ಬಾಕ್ಸ್ ಮಾತ್ರ. ಅಷ್ಟು ಹೊತ್ತು ಏನು ಮಾಡುತ್ತೀರಿ? ಪಕ್ಕದಲ್ಲಿ ಕತ್ತಿ ಹಿಡಿದು ಕಾವಲು ನಿಂತವನ ಜೊತೆ ಮಾತಾಡುತ್ತೀರಿ. ಒಂದು ಖಂಡದಿಂದ ಇನ್ನೊಂದಕ್ಕೆ ಹೋಗಲು ಹಡಗು ಕಾಯಬೇಕು. ಹಡಗು ತಪ್ಪಿದರೆ ಕಟ್ಟೆಯ ಮೇಲೆ ನಿಂತಿರಬೇಕು, ಅಲ್ಲಿ ನಿಂತವರೆಲ್ಲ ಹಡಗು ತಪ್ಪಿದವರೇ.

ಅದೇ ಗೇಮ್‌ನಲ್ಲಿ ಶುರುವಿಗೆ ಸರಕು ಮಾರಲು ಸರಿಯಾದ ವ್ಯವಸ್ಥೆಯೇ ಇರಲಿಲ್ಲ. ಆಟಗಾರರೇ ಒಂದು ಸುರಂಗ ನೋಡಿಕೊಂಡರು. ಈಸ್ಟ್ ಕಾಮನ್‌ಲ್ಯಾಂಡ್ಸ್ ಅನ್ನುವ ಪ್ರದೇಶದ ಸುರಂಗ ಅದು. ಅದನ್ನು ಕಟ್ಟಿದವರ ತಲೆಯಲ್ಲಿ ಸಂತೆಯ ಯೋಚನೆ ಇದ್ದಿರಲಾರದು. ಆದರೆ ಎಷ್ಟೋ ಸರ್ವರ್‌ಗಳಲ್ಲಿ (ಅದೇ ಲೋಕದ ಬೇರೆ ಬೇರೆ ಪ್ರತಿಗಳಲ್ಲಿ) ಮಾರುವವರು, ಕೊಳ್ಳುವವರು, ಸುಮ್ನೆ ಬೆಲೆ ಕೇಳಿ ಹೋಗುವವರು, ಕೆಲಸವಿಲ್ಲದೆ ತಿರುಗುವವರು ಎಲ್ಲ ಅಲ್ಲಿ ಸೇರತೊಡಗಿದರು. ಕೂಗಿ ಮಾರಬೇಕು, ಚೌಕಾಸಿ ಮಾಡಬೇಕು. ಮುಂದೆ ಕಂಪನಿಯೇ ‘ಬಜಾರ್’ ತಂದಿತು. ಅಲ್ಲಿ ನೀವು ಕಂಪ್ಯೂಟರ್ ಹಾಗೇ ಬಿಟ್ಟು ಮಲಗಿದರೂ ನಿಮ್ಮ ಪಾತ್ರ ವ್ಯಾಪಾರ ಮಾಡುತ್ತದೆ. ಎಲ್ಲರಿಗೂ ಅನುಕೂಲವಾಯಿತು. ಸುರಂಗ ಖಾಲಿಯಾಯಿತು.

ರೇ ಓಲ್ಡನ್‌ಬರ್ಗ್ ಎನ್ನುವ ಅಮೆರಿಕದ ಸಮಾಜಶಾಸ್ತ್ರಜ್ಞ 1989ರಲ್ಲಿ ಒಂದು ಮಾತು ಹೇಳಿದ್ದರು. ಮನೆಯೂ ಅಲ್ಲದ, ಕೆಲಸದ ಜಾಗವೂ ಅಲ್ಲದ ಮೂರನೇ ಜಾಗವೊಂದು ಮನುಷ್ಯನಿಗೆ ಬೇಕು, ಅಲ್ಲಿ ಮುಖ್ಯ ಕೆಲಸ ಅಂದರೆ ಮಾತು. 2006ರಲ್ಲಿ ಕಾನ್ಸ್ಟನ್ಸ್ ಸ್ಟೈನ್‌ಕ್ಯೂಲರ್ ಮತ್ತು ಡಿಮಿಟ್ರಿ ವಿಲಿಯಮ್ಸ್ ಎನ್ನುವ ಸಂಶೋಧಕರು ಈ ಮಾತನ್ನು ಆನ್‌ಲೈನ್ ಗೇಮ್‌ಗಳಿಗೆ ಹಚ್ಚಿ ನೋಡಿದರು. ಬಹುಮಟ್ಟಿಗೆ ಹೊಂದುತ್ತದೆ ಅಂದರು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಇಲ್ಲಿ ಹುಟ್ಟುವುದು ಹೆಚ್ಚಾಗಿ ಮೇಲುಮೇಲಿನ ಪರಿಚಯ, ಆಳದ ಸ್ನೇಹ ಕಮ್ಮಿ. ನನಗೆ ಇದು ದೂರಿನ ಹಾಗೆ ಕೇಳಿಸುವುದಿಲ್ಲ. ಮೇಲುಮೇಲಿನ ಪರಿಚಯಕ್ಕೂ ಅದರದೇ ಬೆಲೆ ಇದೆ. ದಿನಾ ಒಂದೇ ಹೊತ್ತಿಗೆ ಸಿಕ್ಕು ‘ಏನ್ ಗುರು, ಬಂದ್ಯಾ?’ ಅನ್ನುವ ಒಬ್ಬರಿದ್ದರೂ ಸಾಕು, ಸಂಜೆ ಬೇರೆ ಥರ ಇರುತ್ತದೆ.

ಅಂದಹಾಗೆ, ಈ ಮಾತಿನ ಚಟ ತೊಂಬತ್ತರ ದಶಕದಲ್ಲಿ ಶುರುವಾದದ್ದೂ ಅಲ್ಲ. 1978ರಲ್ಲಿ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಮತ್ತು ರಿಚರ್ಡ್ ಬಾರ್ಟಲ್ ಸೇರಿ ಮಾಡಿದ ‘ಮಡ್’ ಅನ್ನುವ ಗೇಮ್‌ನಲ್ಲಿ ಚಿತ್ರವೇ ಇರಲಿಲ್ಲ, ಬರೀ ಅಕ್ಷರ. ಮುಂದೆ 1996ರಲ್ಲಿ ಬಾರ್ಟಲ್ ಆಟಗಾರರನ್ನು ಇಸ್ಪೀಟಿನ ನಾಲ್ಕು ಬಣ್ಣಗಳ ಹೆಸರಿನಲ್ಲಿ ವಿಂಗಡಿಸಿದರು. ಸಾಧಿಸುವವರು, ಹುಡುಕುವವರು, ಬೆರೆಯುವವರು, ಕೊಲ್ಲುವವರು. ಚೆನ್ನಾಗಿದೆ. ಆದರೆ ನಾನು ಕಂಡಂತೆ ಒಬ್ಬನೇ ಮನುಷ್ಯ ಒಂದೇ ಸಂಜೆ ಈ ನಾಲ್ಕೂ ಆಗುತ್ತಾನೆ. ಕಾಯುವಾಗ ಬೆರೆಯುತ್ತಾನೆ, ಅವಸರದಲ್ಲಿ ಕೊಲ್ಲುತ್ತಾನೆ.

ಒಂದು ಶೀಲ್ಡಿನ ಕತೆ

ನಮ್ಮ ಗಿಲ್ಡ್‌ಗೆ ಒಬ್ಬ ಬಾಸ್ ವಾರಗಟ್ಟಲೆ ಸತಾಯಿಸಿದ್ದ. ಪ್ರತಿ ಸಲ ಇನ್ನೇನು ಸತ್ತ ಅನ್ನುವಾಗ ಯಾರಾದರೊಬ್ಬರು ಬೆಂಕಿಯಲ್ಲಿ ನಿಂತಿರುತ್ತಿದ್ದರು. ಒಂದು ರಾತ್ರಿ ಕೊನೆಗೂ ಬಿದ್ದ. ಮೈಕ್‌ಗಳಲ್ಲಿ ಕಿವಿ ಕಿತ್ತುಹೋಗುವಂಥ ಕೂಗು. ಆಮೇಲೆ ಲೂಟ್, ಅಂದರೆ ಅವನಿಂದ ಸಿಕ್ಕ ಮಾಲು, ನೋಡಿದರೆ ಒಂದು ಶೀಲ್ಡ್. ಶೀಲ್ಡ್ ಹಿಡಿದು ಎಲ್ಲರ ಮುಂದೆ ನಿಂತು ಒದೆ ತಿನ್ನುವ ಟ್ಯಾಂಕ್‌ಗಳು ಗಿಲ್ಡ್‌ನಲ್ಲಿ ಇಬ್ಬರು. ಕೂಗು ನಿಂತಿತು.

‘ಪಾಯಿಂಟ್ ನಂದೇ ಜಾಸ್ತಿ ಇದೆ ಗುರು, ಇದ್ರಲ್ಲಿ ಮಾತಾಡೋದೇನಿದೆ?’ ಅಂದ ಹಳೆಯವನು.

‘ಪಾಯಿಂಟ್ ಇಟ್ಕೊಂಡು ಇಷ್ಟು ದಿನ ಎಲ್ಲಿಗೆ ಹೋಗಿದ್ದೆ? ದಿನಾ ಬಂದು ಒದೆ ತಿಂದೋನು ನಾನು,’ ಅಂದ ಹೊಸಬ.

ಲೆಕ್ಕ ಇಡುವ ಆಫೀಸರ್ ತನ್ನ ಶೀಟ್ ತೆರೆದ. ಯಾವ ರಾತ್ರಿ ಯಾರು ಬಂದಿದ್ದರು, ಯಾರು ತಡವಾಗಿ ಬಂದರು, ಯಾರು ಮಧ್ಯದಲ್ಲೇ ಎದ್ದು ಹೋದರು, ಎಲ್ಲ ಅದರಲ್ಲಿತ್ತು. ಓದುತ್ತಾ ಹೋದ ಹಾಗೆ ಒಂದು ರಾತ್ರಿಯ ಲೆಕ್ಕ ತಪ್ಪಾಗಿದೆ ಅಂತ ಮೂರನೆಯವನೊಬ್ಬ ತಕರಾರು ತೆಗೆದ. ಅವನಿಗೆ ಶೀಲ್ಡ್ ಬೇಕಿರಲಿಲ್ಲ, ಅವನು ಬಿಲ್ಲುಗಾರ. ನ್ಯಾಯ ಅಂದರೆ ನ್ಯಾಯ ಅಂದ. ಬಾಸ್ ಜೊತೆ ನಡೆದ ಯುದ್ಧಕ್ಕಿಂತ ಈ ಯುದ್ಧ ಎಷ್ಟೋ ಪಟ್ಟು ಉದ್ದವಾಯಿತು. ಬಾಸ್ ಹೆಣ ಅಲ್ಲೇ ಬಿದ್ದಿತ್ತು, ನಾವೆಲ್ಲ ಸುತ್ತ ನಿಂತಿದ್ದೆವು, ಒಬ್ಬ ಬೇಜಾರಿಗೆ ಅದರ ಮೇಲೆ ಕುಪ್ಪಳಿಸುತ್ತಿದ್ದ.

ಗಾಯ ವಾಸಿಮಾಡಿ ಎಲ್ಲರನ್ನೂ ಬದುಕಿಸುವ ನಮ್ಮ ಮುಖ್ಯ ಹೀಲರ್ ಯಾವತ್ತೂ ಮೈಕ್ ಆನ್ ಮಾಡಿದವರಲ್ಲ. ಏನಿದ್ದರೂ ಟೈಪ್. ಮೈಕ್ ಹಾಳಾಗಿದೆ ಅಂತ ಮೊದಲ ದಿನ ಹೇಳಿದ್ದನ್ನೇ ಎಲ್ಲರೂ ನಂಬಿದ್ದೆವು. ಆ ರಾತ್ರಿ ಜಗಳ ಕೇಳಿ ಕೇಳಿ ಸಾಕಾಗಿ ಚಾಟ್‌ನಲ್ಲಿ ಹೀಗೆ ಬಂತು: ‘ಶೀಲ್ಡ್ ಯಾರಿಗಾದ್ರೂ ಕೊಡ್ರಪ್ಪ. ಇಬ್ಬರನ್ನೂ ಬದುಕಿಸೋಳು ನಾನೇ ತಾನೆ?’

ಚಾನೆಲ್‌ನಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಯಾರೋ ನಕ್ಕರು. ಶೀಲ್ಡ್ ಹೊಸಬನಿಗೆ ಹೋಯಿತು, ಅದು ಬೇರೆ ಮಾತು. ಮಜಾ ಶುರುವಾದದ್ದು ಮರುದಿನದಿಂದ. ನಿನ್ನೆಯವರೆಗೆ ‘ಹೀಲ್ ಎಲ್ಲೋ? ನಿದ್ದೆ ಮಾಡ್ತಿದ್ಯಾ?’ ಅಂತ ಅರಚುತ್ತಿದ್ದವರು ದಿಢೀರಂತ ಮರ್ಯಾದಸ್ತರಾದರು. ಒಬ್ಬ ತನ್ನ ಪಾಲಿನ ಉಂಗುರ ಬಿಟ್ಟುಕೊಡಲು ಬಂದ. ಇನ್ನೊಬ್ಬ ಪ್ರತಿ ಫೈಟ್ ಆದಮೇಲೂ ಥ್ಯಾಂಕ್ಸ್ ಹೇಳತೊಡಗಿದ. ಹೀಲರ್ ಒಂದು ವಾರ ತಡೆದುಕೊಂಡರು. ಆಮೇಲೆ ಮೈಕ್ ಆನ್ ಮಾಡಿದರು (ಹಾಳೇನೂ ಆಗಿರಲಿಲ್ಲ): ‘ಮೊದ್ಲು ಹೇಗೆ ಬೈತಿದ್ರೋ ಹಾಗೇ ಬೈಯಿರಿ ಸಾಕು.’

ಆ ಲೆಕ್ಕದ ಪದ್ಧತಿಯ ಬಗ್ಗೆ ಒಂದೆರಡು ಮಾತು. ಡ್ರ್ಯಾಗನ್ ಕಿಲ್ ಪಾಯಿಂಟ್ಸ್, ಅಂದರೆ ಡಿಕೆಪಿ, ಯಾವ ಕಂಪನಿಯೂ ಮಾಡಿಕೊಟ್ಟದ್ದಲ್ಲ. ಎವರ್‌ಕ್ವೆಸ್ಟ್ ಕಾಲದ ಗಿಲ್ಡ್‌ಗಳು ತಾವೇ ಕಟ್ಟಿಕೊಂಡದ್ದು. ಹತ್ತಾರು ಜನ ಸೇರಿ ಒಂದು ಡ್ರ್ಯಾಗನ್ ಕೊಂದರೆ ಸಿಗುವುದು ನಾಲ್ಕಾರು ವಸ್ತು. ಹಂಚುವುದು ಹೇಗೆ? ಅದಕ್ಕೆ ಹಾಜರಿ, ಪಾಯಿಂಟು, ಹರಾಜು, ಅಪೀಲು. ದಿನವಿಡೀ ಆಫೀಸಿನಲ್ಲಿ ಶೀಟ್ ತುಂಬಿಸಿ ಬೇಸತ್ತವರು ರಾತ್ರಿ ಮನೆಗೆ ಬಂದು ಖುಷಿಯಿಂದ ಇನ್ನೊಂದು ಶೀಟ್ ತುಂಬಿಸುತ್ತಿದ್ದರು. ಇದು ಅತಿಯಾದರೆ ಎಲ್ಲಿಗೆ ಮುಟ್ಟುತ್ತೆ ಅಂತ ನೋಡಬೇಕಿದ್ದರೆ ಬಾಹ್ಯಾಕಾಶದಲ್ಲಿ ನಡೆಯುವ ಈವ್ ಆನ್‌ಲೈನ್ ಗೇಮ್ ನೋಡಬೇಕು. ಅಲ್ಲಿ ಆಟಗಾರರ ಒಕ್ಕೂಟಗಳಿಗೆ ಖಜಾಂಚಿ, ರಾಯಭಾರಿ, ಗೂಢಚಾರ ಎಲ್ಲ ಇದ್ದಾರೆ. 2014ರ ಜನವರಿಯಲ್ಲಿ ಬಿ-ಆರ್5ಆರ್‌ಬಿ ಅನ್ನುವ ನಕ್ಷತ್ರ ವ್ಯೂಹಕ್ಕೆ ಒಂದು ಒಕ್ಕೂಟ ಕಟ್ಟಬೇಕಿದ್ದ ಬಿಲ್ ಕಟ್ಟದೇ ಹೋಯಿತು. ಅಷ್ಟೇ ಸಾಕಾಯಿತು. ಸುಮಾರು 21 ಗಂಟೆ ಯುದ್ಧ ನಡೆದು, ಏಳು ಸಾವಿರಕ್ಕೂ ಹೆಚ್ಚು ಆಟಗಾರರು ಬಂದು ಹೋಗಿ, ಟೈಟನ್ ಅನ್ನುವ 75 ದೈತ್ಯ ಹಡಗುಗಳು ನಾಶವಾದವು. ನಿಜದ ದುಡ್ಡಿಗೆ ಲೆಕ್ಕ ಹಾಕಿ 3 ಲಕ್ಷ ಡಾಲರ್ ನಷ್ಟ ಅಂದರು. ಶೀಟ್ ಸರಿಯಾಗಿ ನೋಡಿಕೊಳ್ಳುವವನ ಬೆಲೆ ಅವತ್ತು ಎಷ್ಟು ಜನಕ್ಕೆ ಅರ್ಥವಾಯಿತೋ.

ಹೆಸರು ಕೆಟ್ಟರೆ

ಆಗ ಸರ್ವರ್ ಅಂದರೆ ಒಂದು ಸಣ್ಣ ಊರು. ಸಾವಿರಾರು ಜನ ಇದ್ದರೂ ದೊಡ್ಡ ರೇಡ್ (ಹತ್ತಾರು ಜನ ಸೇರಿ ಮಾಡುವ ದಾಳಿ) ಮಾಡುವ ಗಿಲ್ಡ್‌ಗಳು ಬೆರಳೆಣಿಕೆಯಷ್ಟು, ಒಳ್ಳೆಯ ಟ್ಯಾಂಕ್‌ಗಳು ಎಲ್ಲರಿಗೂ ಗೊತ್ತು, ಕಳ್ಳರೂ ಎಲ್ಲರಿಗೂ ಗೊತ್ತು. ನಮ್ಮ ಸರ್ವರ್‌ನಲ್ಲಿ ಒಬ್ಬ, ಎಲ್ಲರೂ ಸೇರಿ ಗೆದ್ದ ಕತ್ತಿಯನ್ನು ಲೂಟ್ ಹಂಚುವ ಅಧಿಕಾರ ತನ್ನ ಕೈಯಲ್ಲಿದೆ ಅಂತ ತಾನೇ ಎತ್ತಿಕೊಂಡು ಪರಾರಿಯಾದ. ಸಂಜೆಯೊಳಗೆ ಚಾಟ್‌ನಲ್ಲೆಲ್ಲ ಅವನ ಹೆಸರು. ಆಮೇಲೆ ಅವನು ‘ಒಬ್ಬ ಬೇಕಾ?’ ಅಂತ ಎಷ್ಟು ಕೂಗಿದರೂ ಯಾರೂ ಉತ್ತರ ಕೊಡುತ್ತಿರಲಿಲ್ಲ. ಕತ್ತಿ ಥಳಥಳ ಹೊಳೆಯುತ್ತಿತ್ತು, ಅದನ್ನು ಹಿಡಿದುಕೊಂಡು ಅವನು ಊರ ಬಾಗಿಲಲ್ಲಿ ಒಬ್ಬನೇ ನಿಂತಿರುತ್ತಿದ್ದ. ಕೊನೆಗೆ ಬೇರೆ ಹೆಸರಿನಲ್ಲಿ ಮೊದಲ ಲೆವೆಲ್‌ನಿಂದ ಶುರುಮಾಡಿದ ಅಂತ ಸುದ್ದಿ. ಪೊಲೀಸು ಬೇಕಾಗಲಿಲ್ಲ.

2009ರ ಡಿಸೆಂಬರ್‌ನಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಗೇಮ್ ಡಂಜನ್ ಫೈಂಡರ್ ತಂದಿತು. ಕೂಗಿ ಜನ ಸೇರಿಸುವುದು ಬೇಡ, ಗುಹೆಯ ಬಾಗಿಲ ತನಕ ನಡೆಯುವುದೂ ಬೇಡ. ಕ್ಯೂಗೆ ಹೆಸರು ಕೊಟ್ಟರೆ ಬೇರೆ ಬೇರೆ ಸರ್ವರ್‌ಗಳಿಂದ ಐದು ಜನರನ್ನು ಆರಿಸಿ ನೇರ ಒಳಗೆ ಇಳಿಸುತ್ತದೆ. ಟ್ಯಾಂಕ್ ಹುಡುಕಿಯೇ ಅರ್ಧ ರಾತ್ರಿ ಕಳೆಯುತ್ತಿದ್ದವರಿಗೆ ಇದು ವರ. ನನಗೂ ಬಹಳ ಹಿಡಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಬೇರೆ ಸರ್ವರ್‌ನವನು ಮತ್ತೆ ಸಿಗುವವನಲ್ಲ. ಅವನಿಗೂ ನಾನು ಮತ್ತೆ ಸಿಗುವುದಿಲ್ಲ. ನಮಸ್ಕಾರ ಹೇಳಿದರೂ ಒಂದೇ, ಬೈದರೂ ಒಂದೇ. ನಿಧಾನ ಆಡಿದವನನ್ನು ಮತ ಹಾಕಿ ಹೊರಗೆ ಕಳಿಸಿದರೆ ಇನ್ನೊಬ್ಬ ಬರುತ್ತಾನೆ. ಮೊದಲಾದರೆ ಅವನಿಗೆ ಕಲಿಸಲೇಬೇಕಿತ್ತು. ಒಳ್ಳೆಯತನದಿಂದ ಅಲ್ಲ, ಬೇರೆ ಯಾರೂ ಸಿಗುತ್ತಿರಲಿಲ್ಲ ಅಂತ.

ಹಾಗಂತ ಹಳೆಯ ಊರುಗಳು ಸ್ವರ್ಗವಾಗಿದ್ದವು ಅಂತ ಹೇಳಿದರೆ ಆ ಹೀಲರ್ ನನ್ನನ್ನು ಬಿಡುವುದಿಲ್ಲ. ಅಷ್ಟು ತಿಂಗಳು ಮೈಕ್ ಹಾಳಾಗಿದೆ ಅಂತ ಅವರು ಯಾಕೆ ಹೇಳಿಕೊಂಡಿದ್ದರು? ಹಿಂದಿನ ಗಿಲ್ಡ್‌ನಲ್ಲಿ ಅನುಭವವಾಗಿತ್ತು, ಅದಕ್ಕೆ. ಮತ್ತು ಈ ರೋಗ ಬಟನ್‌ಗಿಂತ ಹಳೆಯದು. 1993ರಲ್ಲಿ ಲ್ಯಾಂಬ್ಡಾಮೂ ಎಂಬ ಅಕ್ಷರಗಳ ಲೋಕದಲ್ಲಿ ಮಿಸ್ಟರ್ ಬಂಗಲ್ ಅನ್ನುವ ಹೆಸರಿನವನೊಬ್ಬ ಒಂದು ಪ್ರೋಗ್ರಾಂ ಬಳಸಿ, ಬೇರೆಯವರ ಪಾತ್ರಗಳು ತಮ್ಮ ಮೇಲೆ ತಾವೇ ಹೇಸಿಗೆ ಕೆಲಸ ಮಾಡಿಕೊಂಡಂತೆ ಎಲ್ಲರ ಮುಂದೆ ಬರೆಯಿಸಿದ. ಅಲ್ಲಿಯೂ ಎಲ್ಲರಿಗೂ ಎಲ್ಲರೂ ಗೊತ್ತಿತ್ತು. ತಡೆಯಲಾಗಲಿಲ್ಲ. ಬೇರೆಯಾಗಿದ್ದದ್ದು ಆಮೇಲಿನದು. ಅಲ್ಲಿನ ಜನ ಸಭೆ ಸೇರಿದರು. ಗಂಟೆಗಟ್ಟಲೆ ವಾದ ಮಾಡಿದರು, ತೀರ್ಮಾನಕ್ಕೆ ಬರಲಿಲ್ಲ. ಕೊನೆಗೆ ಒಬ್ಬ ಆಡಳಿತಗಾರ ತಾನೇ ನಿರ್ಧರಿಸಿ ಆ ಖಾತೆ ಅಳಿಸಿದ. ಅದರ ಹಿಂದೆಯೇ ಆ ಲೋಕ ಶುರುಮಾಡಿದ ಪಾವೆಲ್ ಕರ್ಟಿಸ್ ಅರ್ಜಿ ಮತ್ತು ಮತದಾನದ ಪದ್ಧತಿ ತಂದರು. ಬರೀ ಟೈಪ್ ಮಾಡಿಕೊಂಡಿದ್ದ ಜನಕ್ಕೆ ತಮಗೊಂದು ಕಾನೂನು ಬೇಕು ಅನ್ನಿಸಿತ್ತು.

ಈಗ ನಮಗೆ ಕಾನೂನು ಅಂದರೆ ರಿಪೋರ್ಟ್ ಬಟನ್. ಲೀಗ್ ಆಫ್ ಲೆಜೆಂಡ್ಸ್ ಅನ್ನುವ ಗೇಮ್ 2011ರಲ್ಲಿ ಟ್ರಿಬ್ಯೂನಲ್ ಅಂತ ಮಾಡಿತ್ತು. ದೂರು ಬಂದ ಆಟಗಾರನ ಚಾಟ್ ಓದಿ ಬೇರೆ ಆಟಗಾರರೇ ತೀರ್ಪು ಕೊಡಬೇಕು. ಕೆಲವು ವರ್ಷ ನಡೆದು ನಿಂತುಹೋಯಿತು. ಆ ದಿನಗಳಲ್ಲಿ ಅದರ ಕಂಪನಿಯವರು ಕಂಡುಕೊಂಡ ಒಂದು ಸಂಗತಿ ನನ್ನ ತಲೆಯಲ್ಲಿ ಹಾಗೇ ಉಳಿದಿದೆ. ಬೈಗುಳದ ಬಹುಪಾಲು ಬರುತ್ತಿದ್ದದ್ದು ಸದಾ ಬೈಯುವ ಕೆಲವೇ ಪುಂಡರಿಂದ ಅಲ್ಲ. ಮಾಮೂಲಿ ಜನ, ಯಾವತ್ತೋ ಒಂದು ಕೆಟ್ಟ ದಿನ, ಬಾಯಿಗೆ ಬಂದಂತೆ ಬೈದದ್ದು. ಅಂದರೆ ನಿಮ್ಮಂಥವರು, ನನ್ನಂಥವರು. ಊರಿನಲ್ಲಾಗಿದ್ದರೆ ಕೆಟ್ಟ ದಿನ ಬಂದವನು ಮರುದಿನ ಅದೇ ಜನರ ಮುಖ ನೋಡಬೇಕಿತ್ತು. ನಾಚಿಕೆಗಾದರೂ ಒಂದು ಮಾತು ಹೇಳುತ್ತಿದ್ದ. ಈಗ ಮುಂದಿನ ಮ್ಯಾಚ್‌ಗೆ ಬೇರೆ ನಾಲ್ಕು ಜನ ತಯಾರು. ನಾನಂತೂ ಮ್ಯಾಚ್ ಶುರುವಾದ ಕೂಡಲೇ ಎಲ್ಲರನ್ನೂ ಮ್ಯೂಟ್ ಮಾಡುತ್ತೇನೆ. ಒಳ್ಳೆಯ ಸೌಲಭ್ಯ. ಮಲ್ಟಿಪ್ಲೇಯರ್ ಗೇಮ್ ಆಡುತ್ತಾ ಮನುಷ್ಯರ ಸದ್ದೇ ಬೇಡ ಅನ್ನುವ ಸ್ಥಿತಿಗೆ ಬಂದಿದ್ದೇವಲ್ಲ ಅಂತ ಆಗಾಗ ನಗು ಬರುತ್ತದೆ.

ಮ್ಯಾಟ್ಸ್ ಸ್ಟೀನ್

ನಾರ್ವೆಯ ಮ್ಯಾಟ್ಸ್ ಸ್ಟೀನ್ ವಿಷಯ ನಿಮ್ಮಲ್ಲಿ ಹಲವರಿಗೆ ಗೊತ್ತು, 2024ರಲ್ಲಿ ಅವರ ಬಗ್ಗೆ ಬಂದ ಸಾಕ್ಷ್ಯಚಿತ್ರ ನೋಡಿರುತ್ತೀರಿ. ಸ್ನಾಯುಗಳು ಸೋಲುತ್ತಾ ಹೋಗುವ ಡುಶೆನ್ ಕಾಯಿಲೆ, ಗಾಲಿಕುರ್ಚಿ, ದಿನದ ಹೆಚ್ಚು ಹೊತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್. 2014ರಲ್ಲಿ 25ನೇ ವಯಸ್ಸಿಗೆ ತೀರಿಕೊಂಡರು. ಮಗ ಒಂಟಿಯಾಗಿಯೇ ಬದುಕಿದ ಅಂತ ಅಪ್ಪ ಅಮ್ಮ ಅಂದುಕೊಂಡಿದ್ದರು. ಅವನ ಬ್ಲಾಗ್‌ನಲ್ಲಿ ಸಾವಿನ ಸುದ್ದಿ ಹಾಕಿದ ಮೇಲೆ ಬೇರೆ ಬೇರೆ ದೇಶಗಳಿಂದ ಪತ್ರಗಳು ಬರತೊಡಗಿದವು. ಸ್ಟಾರ್‌ಲೈಟ್ ಅನ್ನುವ ಗಿಲ್ಡ್‌ನ ಕೆಲವರು ಅಂತ್ಯಕ್ರಿಯೆಗೂ ಬಂದರು.

ಈ ಕತೆ ಹೇಳುವವರು ಸಾಮಾನ್ಯವಾಗಿ ಕಣ್ಣೀರಿನ ಕಡೆ ಹೊರಳುತ್ತಾರೆ. ನನ್ನ ಗಮನ ಹೋದದ್ದು ಇನ್ನೊಂದು ಕಡೆ. ಸ್ಟಾರ್‌ಲೈಟ್ ಪಾತ್ರವಾಗಿ ಬದುಕುವವರ ಗಿಲ್ಡ್. ಐಬೆಲಿನ್ ಅನ್ನುವ ಹೆಸರಿನಲ್ಲಿ ಮ್ಯಾಟ್ಸ್ ಅಲ್ಲಿ ಮಾಡುತ್ತಿದ್ದದ್ದು ಹೆಚ್ಚಾಗಿ ಮಾತು, ತಿರುಗಾಟ, ಇನ್ನೊಬ್ಬರ ಕಷ್ಟ ಕೇಳುವುದು. ಗೇಮ್‌ನ ಲೆಕ್ಕದಲ್ಲಿ ಅದಕ್ಕೆ ಪಾಯಿಂಟ್ ಇಲ್ಲ. ವೇಗವಾಗಿ ಆಡಲು ಅದರಿಂದ ಏನೂ ಪ್ರಯೋಜನವಿಲ್ಲ. ಸ್ಟೈನ್‌ಕ್ಯೂಲರ್ ಮತ್ತು ವಿಲಿಯಮ್ಸ್ ಹೇಳಿದ ‘ಮೇಲುಮೇಲಿನ ಪರಿಚಯ’ದ ಗಡಿ ದಾಟಿದವರು ಇಂಥವರು. ಕೈಲಿ ಬೇಕಾದಷ್ಟು ಹೊತ್ತು ಇದ್ದವರು, ಮತ್ತು ಹೊತ್ತು ಕಳೆಯಲು ಜಾಗ ಕೊಟ್ಟ ಗೇಮ್.

ಹಳೆಯದನ್ನು ವಾಪಸ್ ಕೇಳಿದವರು

ಇಷ್ಟು ಬರೆದ ಮೇಲೆ ಎಲ್ಲ ತಪ್ಪೂ ಕಂಪನಿಗಳದ್ದು, ಬಟನ್‌ಗಳದ್ದು ಅಂತ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ 2019ರಲ್ಲಿ ನಡೆದದ್ದು ಅದಕ್ಕೆ ಬಿಡುವುದಿಲ್ಲ. ಹಳೆಯ ವಾರ್‌ಕ್ರಾಫ್ಟೇ ಬೇಕು ಅಂತ ಜನ ವರ್ಷಗಟ್ಟಲೆ ದುಂಬಾಲು ಬಿದ್ದು, ಕೊನೆಗೆ ಆ ಆಗಸ್ಟ್‌ನಲ್ಲಿ ಕ್ಲಾಸಿಕ್ ಬಂತು. ಫೈಂಡರ್ ಇಲ್ಲ, ನಡೆಯಬೇಕು, ಕೂಗಬೇಕು. ಮೊದಲ ದಿನಗಳಲ್ಲಿ ಒಂದೊಂದು ರಾಕ್ಷಸನ ಮುಂದೆಯೂ ನೂರು ಜನ. ಆಗ ಆಟಗಾರರು ತಾವಾಗಿಯೇ ಸಾಲು ನಿಂತರು! ಒಬ್ಬನ ಹಿಂದೆ ಒಬ್ಬ, ಬೆಟ್ಟದ ದಾರಿಯುದ್ದಕ್ಕೂ. ಸಾಲು ನಿಲ್ಲಿ ಅಂತ ಗೇಮ್‌ನಲ್ಲಿ ಯಾವ ನಿಯಮವೂ ಇಲ್ಲ. ನುಗ್ಗಿದವನಿಗೆ ಹಿಂದಿನವರೆಲ್ಲ ಸೇರಿ ಬುದ್ಧಿ ಹೇಳುತ್ತಿದ್ದರು. ಆ ಚಿತ್ರಗಳನ್ನು ನೋಡಿ ನನಗೆ ಬಹಳ ಖುಷಿಯಾಗಿತ್ತು.

ಹೆಚ್ಚು ದಿನ ಬೇಕಾಗಲಿಲ್ಲ, ಚಾಟ್ ಓದಿ ತಾನೇ ತಂಡ ಕಟ್ಟಿಕೊಡುವ ಒಂದು ಆ್ಯಡ್ಆನ್, ಅಂದರೆ ಗೇಮ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂ, ಹುಟ್ಟಿತು. ಕಂಪನಿ ಮಾಡಿದ್ದಲ್ಲ, ಆಟಗಾರರೇ ಮಾಡಿದ್ದು. ಕಂಪನಿಯೇ ಅದನ್ನು ನಿಲ್ಲಿಸಬೇಕಾಯಿತು. ಯಾವ ಆಯುಧ ಯಾರಿಗೆ, ಯಾವ ದಾರಿ ಬೇಗ, ಎಲ್ಲ ಮೊದಲೇ ಲೆಕ್ಕ ಹಾಕಿ ಇಟ್ಟಿದ್ದರು. ಹಳೆಯ ಕಾಲದಲ್ಲಿ ತಿಂಗಳುಗಟ್ಟಲೆ ಹಿಡಿದದ್ದನ್ನು ಒಂದು ವಾರದೊಳಗೆ ಮುಗಿಸಿದರು. ಕ್ಲಾಸಿಕ್‌ನ ಮುಂದಿನ ಆವೃತ್ತಿಯಲ್ಲಿ ಡಂಜನ್ ಫೈಂಡರ್ ಬೇಡ ಅಂತ ಕಂಪನಿ ಮೊದಲು ಹಟ ಹಿಡಿಯಿತು. ಆಟಗಾರರು ಬಿಡಲಿಲ್ಲ. 2023ರಲ್ಲಿ ಅದೂ ವಾಪಸ್ ಬಂತು. ಕೇಳಿದವರನ್ನು ಬೈಯಲು ನನಗೆ ಮನಸ್ಸಿಲ್ಲ. ಮಕ್ಕಳು ಮಲಗಿದ ಮೇಲೆ ಒಂದೂವರೆ ಗಂಟೆ ಸಿಗುವವನಿಗೆ, ಅದರಲ್ಲಿ ಒಂದು ಗಂಟೆ ಟ್ಯಾಂಕ್ ಕಾಯಿ ಅಂತ ಯಾವ ಬಾಯಲ್ಲಿ ಹೇಳುವುದು?

ಕಾಯುವ ಹೊತ್ತು ಗೇಮ್‌ನಿಂದ ಹೊರಗೆ ಹೋಗಿದೆ ಅಷ್ಟೇ ಅಂತ ಈಚೆಗೆ ಅನ್ನಿಸುತ್ತಿದೆ. 2015ರಲ್ಲಿ ಬಂದ ಡಿಸ್ಕಾರ್ಡ್‌ನಂಥ ಮಾತಿನ ಆ್ಯಪ್‌ಗಳಲ್ಲಿ ಚಾನೆಲ್‌ಗೆ ಗೇಮ್ ತೆರೆದಿರಲೇಬೇಕು ಅಂತಿಲ್ಲ. ನಮ್ಮ ಹಳೆಯ ಗಿಲ್ಡ್‌ನ ನಾಲ್ಕೈದು ಜನ ಈಗ ಮತ್ತೆ ಒಂದು ಚಾನೆಲ್ ಮಾಡಿಕೊಂಡಿದ್ದೇವೆ. ಶೀಲ್ಡಿಗೆ ಜಗಳವಾಡಿದ ಇಬ್ಬರೂ ಇದ್ದಾರೆ, ಲೆಕ್ಕದವನೂ ಇದ್ದಾನೆ. ಒಂಬತ್ತಕ್ಕೆ ಆಟ ಅಂತ ಗೊತ್ತು ಮಾಡಿದರೆ ಎಂಟೂವರೆಗೇ ಬಂದು ಕೂರುತ್ತಾರೆ. ಮಂಡಿ ನೋವು, ಮ್ಯಾನೇಜರ್ ಕಾಟ, ಮಗಳ ಪರೀಕ್ಷೆ. ಎಷ್ಟೋ ದಿನ ಹತ್ತು ಗಂಟೆಯಾದರೂ ಯಾರೂ ಗೇಮ್ ತೆರೆದಿರುವುದಿಲ್ಲ. ತೆರೆದ ದಿನ ಐದನೆಯವನಿಗಾಗಿ ಬಟನ್ ಒತ್ತಲೇಬೇಕು. ಯಾರೋ ಹುಡುಗ ಸಿಗುತ್ತಾನೆ, ನಮ್ಮ ಆಟದ ವೇಗ ನೋಡಿ ಮೊದಲ ಹತ್ತು ನಿಮಿಷದಲ್ಲೇ ಬೈಯಲು ಶುರುಮಾಡುತ್ತಾನೆ. ಮ್ಯೂಟ್ ಮಾಡೋಣ ಅಂತ ನಾನು ಅಂದೆ. ಬೇಡ ಇರಲಿ ಅಂದ ಹಳೆಯ ಟ್ಯಾಂಕ್, ‘ಬೈದ್ರೂ ಹೀಲ್ ಮಾತ್ರ ಸರಿಯಾಗಿ ಕೊಡ್ತಾನೆ ಕಣೋ, ಫ್ರೆಂಡ್ ರಿಕ್ವೆಸ್ಟ್ ಕಳಿಸು.’ ಕಳಿಸಿದ್ದೇವೆ. ಇನ್ನೂ ಒಪ್ಪಿಕೊಂಡಿಲ್ಲ.